ದೋಣಿಯಲ್ಲಿ ಉಳಿದ ಅಪ್ಪ

ಇಂದು ಚರ್ಚಿನಲ್ಲಿ ಯೇಸು ತನ್ನ ಮೊದಲ ಶಿಷ್ಯರನ್ನು ಕರೆದ ಭಾಗದ ವಾಚನ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ.

ಸೀಮೋನ, ಅಂದ್ರೆಯ ಬಲೆ ಬಿಟ್ಟು ಹೊರಟರು. ಸರಿ.
ಆದರೆ ಯಾಕೋಬ, ಯೋಹಾನ ಬಿಟ್ಟು ಹೋದದ್ದು ತಂದೆ ಜೆಬೆದಾಯನನ್ನು. ದೋಣಿಯಲ್ಲಿ, ಕೂಲಿಯಾಳುಗಳ ಸಂಗಡ ಎನ್ನುತ್ತಾನೆ ಮಾರ್ಕ. ಮತ್ತಾಯ ಬರೆಯುವಾಗ ಆ ಕೂಲಿಯಾಳುಗಳೂ ಇಲ್ಲ.

ಸರಿಪಡಿಸುತ್ತಿದ್ದ ಬಲೆಯ ಗತಿ?

1986ರಲ್ಲಿ ಬರದಿಂದ, ಇದೆಲ್ಲ ನಡೆದ ಗಲಿಲಾಯ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಹೆಚ್ಚುಕಡಿಮೆ ಆ ಕಾಲದ ಒಂದು ದೋಣಿ ಸಿಕ್ಕಿತು. 8 ಮೀಟರಿಗೂ ಹೆಚ್ಚು ಉದ್ದ, ಬಗೆಬಗೆಯ ಮರದ ತುಂಡುಗಳಿಂದ ತೇಪೆ ಹಾಕಿದ್ದು. ಇಬ್ಬರು ಗಂಡುಮಕ್ಕಳು ಇಳಿದು ಹೋದ ಮೇಲೆ ಅಂಥದ್ದನ್ನು ನಡೆಸಿ ನೋಡಿ!

ಜೆಬೆದಾಯ ಕೂಗಿ ಕರೆದನೇ? ಬೈದನೇ? ಒಂದು ಸಾಲೂ ಇಲ್ಲ.
ಅವನ ಹೆಂಡತಿ ಮಾತ್ರ ಮುಂದೆ ಬರುತ್ತಾಳೆ. ಮಕ್ಕಳಿಗೆ ಯೇಸುವಿನ ಎಡಬಲದಲ್ಲಿ ಜಾಗ ಕೇಳುತ್ತಾಳೆ (ತಾಯಿ ಎಂದರೆ ತಾಯಿಯೇ). ಶಿಲುಬೆಯ ಹೊತ್ತಿನಲ್ಲಿ ದೂರದಿಂದ ನೋಡುತ್ತ ನಿಂತಿದ್ದಾಳೆ. ಅಂದರೆ ಅವಳೂ ಹೊರಟಿದ್ದಳು.

ದೋಣಿಯ ದುರಸ್ತಿ, ಆಳುಗಳ ಕೂಲಿ, ಮನೆಯ ಖರ್ಚು ಎಲ್ಲ ಮುದುಕನ ತಲೆಯ ಮೇಲೆಯೇ ಬಿದ್ದಿರಬೇಕು. ನನ್ನ ಊಹೆಯಷ್ಟೇ. ಆದರೂ ನನಗೆ ಆ ನಾಲ್ವರಿಗಿಂತ ಇವನ ಮೇಲೆಯೇ ಅಕ್ಕರೆ.