ಸಂಜೆ ಆರರ ನಂತರದ ಬಿಲ್ಲುಗಳು

ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಾನು ನಿಂತು ಎಂಟು ವರ್ಷ ಆಯಿತು. ಕೂತು ಅಲ್ಲ, ನಿಂತು. ರಜೆ ಸೇಲ್ ದಿನಗಳಲ್ಲಿ ಬಿಲ್ ಮಾಡುವವಳೂ ನಾನೇ, ಸೇಲ್ ಮುಗಿದ ವಾರ ಬಟ್ಟೆ ವಾಪಸ್ ತೆಗೆದುಕೊಳ್ಳುವವಳೂ ನಾನೇ. ಹಾಗಾಗಿ ಎಷ್ಟೋ ಬಟ್ಟೆಗಳನ್ನು ಎರಡು ಸಲ ನೋಡುತ್ತೇನೆ. ಹೋಗುವಾಗ ಒಮ್ಮೆ, ಟ್ಯಾಗ್ ಕೂಡ ಕೀಳದೆ ಮರಳಿ ಬಂದಾಗ ಇನ್ನೊಮ್ಮೆ.

ಬಿಲ್ಲಿನ ಮೇಲೆ ಗಂಟೆ ಅಚ್ಚಾಗಿರುತ್ತದೆ. ಒಂದು ವರ್ಷ ಕೆಲಸ ಕಡಿಮೆ ಇದ್ದ ಮಧ್ಯಾಹ್ನ, ವಾಪಸ್ ಬಂದ ಬಿಲ್ಲುಗಳನ್ನು ಸುಮ್ನೆ ಗಂಟೆ ಪ್ರಕಾರ ಜೋಡಿಸಿದೆ. ಬೆಳಗಿನ ಕಟ್ಟು ತೆಳ್ಳಗಿತ್ತು. ಸಂಜೆ ಆರರ ನಂತರದ್ದು ಕ್ಲಿಪ್ಪಿಗೆ ಹಿಡಿಯಲಿಲ್ಲ. ಸಂಜೆ ಜನ ಜಾಸ್ತಿ, ಬಿಲ್ಲೂ ಜಾಸ್ತಿ, ಅದರಲ್ಲೇನು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಹಿಂಬದಿ ಬರೆದ ಕಾರಣ ಓದಿದೆ. ಬೆಳಗಿನವರು 'ಅಳತೆ ಸರಿಯಾಗಲಿಲ್ಲ', 'ಬಣ್ಣ ಬೇರೆ ಬೇಕಿತ್ತು' ಅಂತ ಬರೆದಿದ್ದರು. ಸಂಜೆಯವರು ಹೆಚ್ಚಿನವರು ಬರೆದದ್ದು ಒಂದೇ ಪದ: 'ಬೇಡ'.

ದಣಿದ ಮನುಷ್ಯ ಆರಿಸುವುದಿಲ್ಲ, ಎತ್ತಿ ಹಾಕಿಕೊಳ್ಳುತ್ತಾನೆ. ಎರಡು ಗಂಟೆ ತಳ್ಳಾಟ, ಟ್ರಯಲ್ ರೂಮಿನ ಮುಂದೆ ಒಂದು ಸಾಲು, ತಲೆ ಮೇಲೆ ಜೋರು ಹಾಡು. ಇಷ್ಟಾದ ಮೇಲೆ ಬರಿಗೈಲಿ ಹೋಗಲು ಮನಸ್ಸು ಒಪ್ಪುವುದಿಲ್ಲ. ಕಣ್ಣಿಗೆ ಕಾಣುವುದು ಟ್ಯಾಗಿನ ಮೇಲೆ ಗೀಟು ಹಾಕಿದ ಹಳೆ ಬೆಲೆ ಮಾತ್ರ. ಆ ಗೀಟಿನ ಶಕ್ತಿ ಏನು ಅಂತ ಟ್ರೈನಿಂಗಿನಲ್ಲಿ ಒಮ್ಮೆ ಹೇಳಿದ್ದರು. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಪ್ರಯೋಗವಂತೆ. ಜನರ ಮುಂದೆ ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಸುಮಾರು 25 ಅಂದರು, 65ಕ್ಕೆ ನಿಂತಾಗ 45 ಅಂದರು. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಮೊದಲು ಕಂಡ ಅಂಕಿ ಊಹೆಯನ್ನು ತನ್ನ ಕಡೆ ಎಳೆಯಿತು. ನಮ್ಮ ಟ್ಯಾಗಿನ ಹಳೆ ಬೆಲೆಗೂ ನಿಮ್ಮ ಬೀರುವಿಗೂ ಇರುವ ಸಂಬಂಧ ಅಷ್ಟೇ.

ಸಿಟ್ಟಿನ ವಿಷಯವೂ ಇದೆ. ಒಬ್ಬರು ಮೇಡಂ ಕೌಂಟರಿಗೆ ಬಂದವರೇ ಬುಟ್ಟಿಯನ್ನು ಧೊಪ್ಪನೆ ಇಟ್ಟು ಬೈಯಲು ಶುರು ಮಾಡಿದರು. ಸ್ಕ್ಯಾನರ್ ಕೈಲಿ ಹಿಡಿದು ಕೇಳಿಸಿಕೊಂಡೆ. ಕೊನೆಗೆ ಅವರೇ ತಣ್ಣಗಾಗಿ, "ಎಷ್ಟೊತ್ತಾಗುತ್ತೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕಿತ್ತು ಕಣಮ್ಮ" ಅಂದರು. ಕಾರಣ ಗೊತ್ತಿಲ್ಲದ, ಎಷ್ಟು ಹೊತ್ತು ಅಂತ ತಿಳಿಯದ ಕಾಯುವಿಕೆ ಇದ್ದದ್ದಕ್ಕಿಂತ ಉದ್ದ ಅನ್ನಿಸುತ್ತದೆ, ಕೈಗೆ ಕೆಲಸ ಇಲ್ಲದಿದ್ದರೆ ಇನ್ನೂ ಉದ್ದ ಅಂತ ಮ್ಯಾನೇಜ್‌ಮೆಂಟ್ ಲೇಖಕ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದಾರೆ. ಮಾರನೇ ದಿನ ಕಂಬಕ್ಕೆ ಒಂದು ರಟ್ಟು ಅಂಟಿಸಿದೆವು: 'ಇಲ್ಲಿಂದ 20 ನಿಮಿಷ'. ಬೇಕಂತಲೇ ಐದು ನಿಮಿಷ ಜಾಸ್ತಿ ಬರೆದಿದ್ದೆವು. ಬೇಗ ಮುಂದೆ ಬಂದವರ ಮುಖದಲ್ಲಿ ಏನೋ ಗೆದ್ದ ಖುಷಿ!

ಇನ್ನು ಕೈಗೆ ಕೆಲಸ. ಕ್ಯೂ ಪಕ್ಕ ಒಂದು ಖಾಲಿ ರ‍್ಯಾಕ್ ಇಟ್ಟು, 'ಬೇಡ ಅನ್ನಿಸಿದ್ದನ್ನು ಇಲ್ಲಿಡಿ' ಅಂತ ಬರೆದೆ. ಮ್ಯಾನೇಜರ್ ಸಾರ್ ಹೌಹಾರಿದರು. "ಬಂದ ಲಕ್ಷ್ಮೀನ ನೀನೇ ಹೊರಗೆ ಕಳಿಸ್ತೀಯಾ?" ಅಂದರು. ಒಂದು ಸೇಲ್ ನೋಡೋಣ ಸಾರ್, ಅಂದೆ. ಜನ ನಿಂತಲ್ಲೇ ಬುಟ್ಟಿ ಕೆದಕಿದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಪಕ್ಕದವರನ್ನು ಕೇಳಿದರು, ರ‍್ಯಾಕಿಗೆ ಹಾಕಿದರು. ಆ ವರ್ಷ ಸಂಜೆಯ ಕಟ್ಟು ಕ್ಲಿಪ್ಪಿಗೆ ಹಿಡಿಯಿತು. ವಾಪಸ್ ಬಂದದ್ದನ್ನು ಮಡಿಸಿ, ಲೆಕ್ಕ ತಿದ್ದಿ, ಮತ್ತೆ ಜೋಡಿಸುವ ಕೆಲಸ ಎಷ್ಟು ಉಳಿಯಿತು ಅಂತ ಸಾರ್‌ಗೇ ಗೊತ್ತಾಯಿತು. ರ‍್ಯಾಕ್ ಈಗಲೂ ಅಲ್ಲೇ ಇದೆ. ಹೊಗಳಿಕೆ ಮಾತ್ರ ಇನ್ನೂ ಬಂದಿಲ್ಲ.

ನನ್ನ ಒತ್ತಡಕ್ಕೆ ನಾನು ಮಾಡಿಕೊಂಡದ್ದು ಸಣ್ಣದು. ಬಿಲ್ ಪ್ರಿಂಟ್ ಆಗುವ ಆ ಕೆಲವು ಸೆಕೆಂಡು ನನ್ನದು. ಕಿವಿವರೆಗೆ ಏರಿದ ಭುಜ ಕೆಳಗಿಳಿಸಿ ನಿಧಾನವಾಗಿ ಉಸಿರು ಬಿಡುತ್ತೇನೆ. ಗಂಟೆಗೊಮ್ಮೆ ಜೊತೆಯವಳ ಹತ್ತಿರ ಕೆಲಸ ಬದಲಾಯಿಸಿಕೊಳ್ಳುತ್ತೇನೆ. ಅವಳು ಬಿಲ್ಲು, ನಾನು ಪ್ಯಾಕಿಂಗ್. ಇಷ್ಟಾದರೂ ರಾತ್ರಿ ನಿದ್ದೆಯಲ್ಲಿ ಸ್ಕ್ಯಾನರ್ ಕೂಗುತ್ತದೆ, ಅದಕ್ಕೆ ಮದ್ದಿಲ್ಲ.

ಹೋದ ಸೇಲ್‌ನಲ್ಲಿ ನನಗೊಂದು ವಾರದ ರಜೆ ಸಿಕ್ಕಿತ್ತು. ಬೇರೆ ಅಂಗಡಿಗೆ ಹೋದೆ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಬೇಕು ಅಂತ ಎಲ್ಲರಿಗೂ ಹೇಳುವವಳು, ಹೋದದ್ದು ಸಂಜೆ ಏಳಕ್ಕೆ. ಕೈಲಿ ಮೂರು ಕುರ್ತಾ. ಕ್ಯೂನಲ್ಲಿ ನಿಂತು ಒಂದೊಂದೇ ಬಿಚ್ಚಿ ನೋಡಿದೆ. ಎರಡು ನನ್ನ ಹತ್ತಿರ ಇರುವಂಥವೇ. ಅಲ್ಲಿ ರ‍್ಯಾಕ್ ಇರಲಿಲ್ಲ. ಕೌಂಟರಿನ ಹುಡುಗಿಗೆ, "ಇವೆರಡು ಬೇಡಮ್ಮ" ಅಂದೆ. ಅವಳು ಏನೂ ಹೇಳದೆ ನನ್ನನ್ನೊಮ್ಮೆ ನೋಡಿ ಬಟ್ಟೆ ಪಕ್ಕಕ್ಕೆ ತಳ್ಳಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಜನರನ್ನು ನಾನೂ ಹಾಗೇ ನೋಡಿದ್ದೇನೆ.