ಫ್ಯೂಯಲ್ ಸೆಲ್ ಲಾಗ್: ನಟ್ಟು ಬಿಗಿ, ಪದರ ಸಡಿಲ

ಹೈಡ್ರೋಜನ್ ಮತ್ತು ಗಾಳಿಯಿಂದ ಕರೆಂಟ್ ಮಾಡುವ ನನ್ನ ಫ್ಯೂಯಲ್ ಸೆಲ್, ಒಂದು ಆಂಪಿಯರ್ ಎಳೆದ ಕೂಡಲೇ 0.46 ವೋಲ್ಟ್‌ಗೆ ಕುಸಿಯುತ್ತಿದೆ ಅಂತ ಹೋದ ಸಲ ಬರೆದಿದ್ದೆ. ಲೋಡ್ ಇಲ್ಲದಾಗ ಮಾತ್ರ 0.95, ಏನೂ ಆಗಿಲ್ಲದ ಹಾಗೆ. ನಡುವಿನ ಮೆಂಬ್ರೇನ್ (ಒದ್ದೆಯಾಗಿದ್ದರಷ್ಟೇ ಸರಿಯಾಗಿ ಕೆಲಸ ಮಾಡುವ ತೆಳು ಪದರ) ಒಣಗಿದೆ ಅಂದುಕೊಂಡು ಹೈಡ್ರೋಜನ್ನನ್ನು ಬಿಸಿನೀರಿನ ಬಾಟಲಿಯೊಳಗೆ ಹಾಯಿಸಿ ಮೂರು ಸಂಜೆ ಕಳೆದೆ. ಏನೂ ಬದಲಾಗಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಶನಿವಾರ, ವೋಲ್ಟೇಜಿನ ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಜೋಡಿಸಿ, ಓಡುತ್ತಿರುವಾಗಲೇ ಲೋಡ್ ಕಿತ್ತೆ. ವೋಲ್ಟೇಜ್ 0.75ಕ್ಕೆ ಒಂದೇ ನೆಗೆತ ನೆಗೆಯಿತು, ಆಮೇಲೆ ನಿಧಾನವಾಗಿ ಏರಿತು. ಆ ಮೊದಲ ನೆಗೆತವೇ ರೆಸಿಸ್ಟೆನ್ಸ್‌ನ ಪಾಲು. ಒಂದು ಆಂಪಿಯರ್‌ಗೆ 0.29 ವೋಲ್ಟ್, ಅಂದರೆ 0.29 ಓಮ್. ನನ್ನದು 25 ಚದರ ಸೆಂ.ಮೀ. ಸೆಲ್. 50 ಮೈಕ್ರಾನ್ ಮೆಂಬ್ರೇನ್ ಒದ್ದೆಯಾಗಿದ್ದರೆ ಅದರದ್ದು ಕೆಲವೇ ಮಿಲಿಓಮ್. ಹಾಗಾದರೆ ಮಿಕ್ಕಿದ್ದು ಪದರಗಳು ಒಂದಕ್ಕೊಂದು ತಾಗುವ ಕಡೆಯೇ ಹೋಗುತ್ತಿರಬೇಕು, ಅಲ್ವಾ? ಕರೆಂಟ್ ಹರಿಯದಿದ್ದರೆ ಈ ನಷ್ಟ ಮೀಟರಿಗೆ ಕಾಣುವುದೇ ಇಲ್ಲ. ಸುಮ್ನೆ 0.95 ನೋಡಿ ಬೀಗುತ್ತಿದ್ದೆ.

ಬಿಚ್ಚಿದೆ. ಮೆಂಬ್ರೇನ್ ಜಾಗದಲ್ಲಿ ಬಿಳಿ ಹಾಳೆ ಮತ್ತು ಬಿಲ್ ಪುಸ್ತಕದ ಕಾರ್ಬನ್ ಇಟ್ಟು ಮತ್ತೆ ಬಿಗಿಸಿದೆ. ತೆಗೆದು ನೋಡಿದರೆ ಸುತ್ತ ಗ್ಯಾಸ್ಕೆಟ್‌ನ ಚೌಕಟ್ಟು ಕಡುನೀಲಿ. ಒಳಗೆ ಮೂಲೆಗಳಲ್ಲಷ್ಟೇ, ಅನಿಲ ಹರಿಯಲು ಕಾಲುವೆ ಕೊರೆದ ಗ್ರಾಫೈಟ್ ಪ್ಲೇಟಿನ ಗೆರೆಗಳು ಮಸುಕಾಗಿ ಮೂಡಿದ್ದವು. ನಡುವೆ ಬೆಳ್ಳಗೆ ಖಾಲಿ.

ಮೆಂಬ್ರೇನಿನ ಎರಡೂ ಬದಿಗೆ ಕೂರುವ, ಅನಿಲ ಹಾಯಲು ರಂಧ್ರಗಳಿರುವ ಕಾರ್ಬನ್ ಪೇಪರ್ (ಬಿಲ್ ಪುಸ್ತಕದ್ದಲ್ಲ) ದಪ್ಪ 0.19 ಮಿ.ಮೀ. ನಾನು ಹಾಕಿದ್ದ ಸಿಲಿಕೋನ್ ಗ್ಯಾಸ್ಕೆಟ್ 0.25. ಎಷ್ಟು ಬಿಗಿಸಿದರೂ ಒತ್ತಡವನ್ನೆಲ್ಲ ರಬ್ಬರೇ ನುಂಗುತ್ತಿತ್ತು. ಜೊತೆಗೆ ಹೊರಗಿನ ಅಕ್ರಿಲಿಕ್ ಪ್ಲೇಟ್ ಬಿಲ್ಲಿನ ಹಾಗೆ ಬಾಗಿ, ನಡುವಿನ ಒತ್ತಡವನ್ನು ಇನ್ನೂ ಕಡಿಮೆ ಮಾಡಿತ್ತು.

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಹೊಸ ಗ್ಯಾಸ್ಕೆಟ್ಟಿಗೆ 0.15 ಮಿ.ಮೀ. ಟೆಫ್ಲಾನ್ ಹಾಳೆ ಸಿಕ್ಕಿತು. "ಪಂಪಿಗಾ ಸಾರ್?" ಅಂದರು ಅಂಗಡಿಯವರು. ಹೂಂ ಅಂದೆ, ವಿವರಿಸಲು ಹೊತ್ತಿರಲಿಲ್ಲ. ಅಕ್ರಿಲಿಕ್ ಬದಲು 12 ಮಿ.ಮೀ. ಅಲ್ಯೂಮಿನಿಯಂ ಹಾಕಿದೆ. ಸೈಕಲ್ ಹುಚ್ಚಿನ ಗೆಳೆಯನಿಂದ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ವ್ರೆಂಚ್ ತಂದು, ಕಾರಿನ ಚಕ್ರಕ್ಕೆ ಮಾಡುವ ಹಾಗೆ ಎದುರುಬದುರು ನಟ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಸಿದೆ. ಈ ಸಲ ಕಾರ್ಬನ್ ಅಚ್ಚಿನಲ್ಲಿ ಎಲ್ಲ ಗೆರೆಗಳೂ ಮೂಡಿದವು, ತುದಿಯಿಂದ ತುದಿಗೆ. ಒಂದು ಆಂಪಿಯರ್‌ಗೆ 0.73 ವೋಲ್ಟ್! ಮೂರಕ್ಕೆ 0.58.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆಸೆ ಜಾಸ್ತಿಯಾಗಿ ಭಾನುವಾರ 0.1 ಮಿ.ಮೀ. ಟೆಫ್ಲಾನ್ ಹಾಕಿದೆ. ಒಂದು ಆಂಪಿಯರ್‌ಗೆ 0.74, ಬರೀ 0.01 ವೋಲ್ಟ್ ಲಾಭ. ಮೂರು ಎಳೆದರೆ ವೋಲ್ಟೇಜ್ 0.4ರ ಹತ್ತಿರ ತೂರಾಡಿತು. ಕಾರ್ಬನ್ ಪೇಪರ್ ಹೆಚ್ಚುಕಡಿಮೆ ಅರ್ಧಕ್ಕೆ ಚಪ್ಪಟೆಯಾಗಿ ಅದರ ರಂಧ್ರಗಳು ಮುಚ್ಚಿದ್ದವು. ಗಾಳಿ ಒಳಗೆ ಬರುವುದಕ್ಕೂ ನೀರು ಹೊರಗೆ ಹೋಗುವುದಕ್ಕೂ ದಾರಿಯಿಲ್ಲ. ಬಿಚ್ಚಿದಾಗ ಗಾಳಿಯ ಕಡೆಯ ಕಾಲುವೆಯಲ್ಲಿ ಹನಿಗಳು ಸಾಲಾಗಿ ಕೂತಿದ್ದವು.

ಮತ್ತೆ 0.15ಕ್ಕೆ ಮರಳಿದರೆ, ಚಪ್ಪಟೆಯಾದ ಪೇಪರ್ ಮೊದಲಿನಷ್ಟು ಉಬ್ಬಲಿಲ್ಲ. ಈಗ ಒಂದು ಆಂಪಿಯರ್‌ಗೂ 0.65 ದಾಟುತ್ತಿಲ್ಲ. ಹೊಸ ಪೇಪರ್ ಎರಡೇ ತುಂಡು ಉಳಿದಿದೆ, ಅಂದರೆ ಒಂದೇ ಸೆಲ್‌ಗೆ ಸಾಕು.