ಹೋರಿ ಹದಕ್ಕೆ ಬಂತೇ? ಕ್ವೀನ್ಸ್‌ಲ್ಯಾಂಡಿನ ರೋಮಾ ಸಂತೆಯ ದಾರಿಯಲ್ಲಿ

ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ವಾರೆಗೋ ಹೆದ್ದಾರಿ ಹಿಡಿದು ಟುವೂಂಬಾದ ಘಟ್ಟ ಹತ್ತಿದ ಮೇಲೆ ಡಾರ್ಲಿಂಗ್ ಡೌನ್ಸ್ ಶುರುವಾಗುತ್ತದೆ. ಎರೆಭೂಮಿ, ಕೊಯ್ದ ಜೋಳದ ಕೂಳೆ, ದೂರದಲ್ಲಿ ಕಾಳಿನ ಉಗ್ರಾಣಗಳ ಗೋಪುರ. ಗೋಪುರಗಳನ್ನು ಮರೆತರೆ ವಿಜಯಪುರದ ಕಡೆ ಹೊರಟಂತೆಯೇ. ಡಾಲ್ಬಿ, ಚಿಂಚಿಲ್ಲಾ, ಮೈಲ್ಸ್ ದಾಟಿ, ಬ್ರಿಸ್ಬೇನಿನಿಂದ ಸುಮಾರು 480 ಕಿ.ಮೀ. ದೂರಕ್ಕೆ ರೋಮಾ. ದಕ್ಷಿಣ ಗೋಳಾರ್ಧದಲ್ಲೇ ಅತಿ ದೊಡ್ಡದೆಂದು ಹೆಸರಾದ ದನದ ಸಂತೆ ಇರುವ ಊರು.

ಟುವೂಂಬಾದಲ್ಲಿ ಪಶುವೈದ್ಯನಾಗಿರುವ ಅಕ್ಕನ ಮಗನ ಜೊತೆ ಹೊರಟಿದ್ದೆ. ಅವನಿಗೆ ಗೊತ್ತಿದ್ದ ಒಬ್ಬ ರೈತರು ಮಂಗಳವಾರದ ಸಂತೆಗೆ ಹೋರಿಗಳನ್ನು ಆರಿಸುವವರಿದ್ದರು. "ಮಾಮ, ಸಂತೆ ಆಮೇಲೆ ನೋಡೋಣ, ಆರಿಸೋದು ನೋಡಿ, ಅಲ್ಲೇ ಇರೋದು ವಿಷಯ" ಅಂದ. ಇವು ಉಳುವ ಎತ್ತುಗಳಲ್ಲ, ಮಾಂಸಕ್ಕೆಂದೇ ಸಾಕಿದವು. ಎಳೆಯದರಲ್ಲೇ ಬೀಜ ತೆಗೆಸಿದ ಎರಡು ವರ್ಷದೊಳಗಿನ ಹೋರಿಗಳು.

ಮೇ ತಿಂಗಳ ಬೆಳಗಿನ ಚಳಿ. ಬಫೆಲ್ ಹುಲ್ಲು ಆಗಲೇ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಇಲ್ಲಿ ಮಳೆ ಹೆಚ್ಚಾಗಿ ಬೇಸಿಗೆಯಲ್ಲೇ, ಅಂದರೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಅದಾದ ಮೇಲೆ ಮಂಜು ಬಿದ್ದು ಹುಲ್ಲು ಸುಟ್ಟರೆ ಹೊಟ್ಟೆ ತುಂಬೀತು, ಮೈಗೆ ಹತ್ತದು. ಅದಕ್ಕೇ ಆ ರೈತರು ಮೊದಲು ನೋಡಿದ್ದು ಹೋರಿಗಳನ್ನಲ್ಲ. ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು, ಬುಡದಲ್ಲಿ ಹಸಿರು ಉಳಿದಿದೆಯೇ ಎಂದು ನೋಡಿದರು. ಅಲ್ಲಿ ನಿಂತು ಕಂಡದ್ದರಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ. ಮಾರುವ ಹೊತ್ತನ್ನು ಅರ್ಧ ಹೇಳುವುದು ದನದ ಮೈ, ಇನ್ನರ್ಧ ಅದರ ಕಾಲ ಕೆಳಗಿನ ಹುಲ್ಲು.

ಕಬ್ಬಿಣದ ಕಟಕಟೆಯೊಳಗೆ ಒಂದೊಂದಾಗಿ ಹೋರಿ ಬಂದು ನಿಲ್ಲುತ್ತದೆ. ಅಡಿಯಲ್ಲಿ ತೂಕದ ಯಂತ್ರ, ಪಕ್ಕದಲ್ಲಿ ಕಿವಿಯ ಎಲೆಕ್ಟ್ರಾನಿಕ್ ಬಿಲ್ಲೆ ಓದುವ ಕೋಲು. ಆ ಬಿಲ್ಲೆಯಿಲ್ಲದೆ ದನ ಜಮೀನು ದಾಟುವ ಹಾಗಿಲ್ಲ. ತೆರೆಯ ಮೇಲೆ ಹಿಂದಿನ ತೂಕಗಳೂ ಬರುತ್ತವೆ. ತಾಯಿಯಿಂದ ಬಿಡಿಸಿದಾಗ 200 ಕಿಲೋ ಆಸುಪಾಸು ಇದ್ದದ್ದು ಈಗ 430. ಮಳೆಗಾಲದಲ್ಲಿ ದಿನಕ್ಕೆ ಮುಕ್ಕಾಲು ಕಿಲೋ ಏರುತ್ತಿದ್ದದ್ದು ಕಳೆದ ತಿಂಗಳು ಕಾಲು ಕಿಲೋಗೆ ಇಳಿದಿದೆ. ಇನ್ನೂ ಎರಡು ತಿಂಗಳು ಇಟ್ಟುಕೊಂಡರೆ ವಯಸ್ಸು ಏರುತ್ತದೆ, ತೂಕ ಏರುವುದಿಲ್ಲ.

ಸಾಲಿನಲ್ಲಿ ಕರಿಯ ಮೈಯ ಒಂದು ಹೋರಿ ಎಣ್ಣೆ ಸವರಿದಂತೆ ಮಿರುಗುತ್ತಿತ್ತು, ಬಾಲದ ಬುಡದಲ್ಲಿ ಕೊಬ್ಬಿನ ಗಂಟು. ಘಾಟಿ ಜಾತ್ರೆಯಲ್ಲಾದರೆ ಸುತ್ತ ಹತ್ತು ಜನ ನಿಲ್ಲುತ್ತಿದ್ದರು. ರೈತರು ಅದನ್ನು ಬೇರೆ ದೊಡ್ಡಿಗೆ ಹೊಡೆದರು. ಕಾರಣ ಸರಳ. ಈ ತಂಡವನ್ನು ಕೊಳ್ಳುವವರು ಡೌನ್ಸ್‌ನ ಫೀಡ್‌ಲಾಟಿನವರು. ಅವರು ನೂರು ದಿನವೋ ಅದಕ್ಕೂ ಹೆಚ್ಚೋ ಕಾಳು ತಿನ್ನಿಸಿ ತಾವೇ ಮೈ ಕೂಡಿಸುವವರು. ಅವರಿಗೆ ಬೇಕಾದ್ದು ಎಲುಬಿನ ಹಂದರ ದೊಡ್ಡದಾಗಿದ್ದು, ಕೊಬ್ಬು ಇನ್ನೂ ಕೂರದ ಹೋರಿ. ಹೆಚ್ಚೂಕಡಿಮೆ 400ರಿಂದ 500 ಕಿಲೋ. ಮಾಂಸಕ್ಕಿಂತ ಕೊಬ್ಬು ಕೂಡಿಸಲು ಮೇವು ಹೆಚ್ಚು ಬೇಕು. ಆಗಲೇ ಕೊಬ್ಬಿದ್ದನ್ನು ಕೊಂಡರೆ ಕಾಳಿನ ದುಡ್ಡು ದಂಡ. ಮಿರುಗುವ ಹೋರಿ ಸೀದಾ ಕಸಾಯಿಖಾನೆಯವರ ಪಟ್ಟಿಗೆ ಹೋಯಿತು, ಅಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ. ಹದ ಅನ್ನುವುದು ಹೋರಿಯೊಂದರದೇ ಅಲ್ಲ, ಮುಂದಿನ ಗಿರಾಕಿಯದೂ ಹೌದು.

ಕೊಬ್ಬನ್ನು ಕಣ್ಣಿನಿಂದಲ್ಲ, ಕೈಯಿಂದ ನೋಡುತ್ತಾರೆ. ಸೊಂಟದ ಗಿಡ್ಡ ಎಲುಬುಗಳ ಮೇಲೆ ಬೆರಳೊತ್ತಿದಾಗ ಒಂದೊಂದೂ ಚೂಪಾಗಿ ಸಿಕ್ಕರೆ ಬಡಕಲು, ಒತ್ತಿದರೂ ಸಿಗದಿದ್ದರೆ ಮಿತಿಮೀರಿದೆ. ಇಲ್ಲಿ 1ರಿಂದ 6ರವರೆಗೆ ಅಂಕ ಕೊಡುವ ರೂಢಿ. ಪೃಷ್ಠದ ಗೊತ್ತಾದ ಒಂದು ಜಾಗದಲ್ಲಿ 7ರಿಂದ 12 ಮಿಲಿಮೀಟರ್ ಕೊಬ್ಬಿದ್ದರೆ 3ನೇ ಅಂಕ. ಅಳಿಯ ನನ್ನ ಕೈಯನ್ನೂ ಎಳೆದು ಇಟ್ಟ. ಸಾಕಷ್ಟು ಒತ್ತಿದ ಮೇಲೆ ಎಲುಬು ಸಿಕ್ಕಿತು.

ಹಲ್ಲು ನೋಡುವುದು ಮಾತ್ರ ನಮ್ಮಲ್ಲಿಯಂತೆಯೇ. ಎರಡು ಹಲ್ಲು ಬಿದ್ದು ಬಂದಿದ್ದರೆ ಎರಡು ವರ್ಷದ ಆಸುಪಾಸು. ನಮ್ಮವರು ಹಲ್ಲು ಬಿಡಿಸುವುದು ಇನ್ನೆಷ್ಟು ವರ್ಷ ಗೇಯುತ್ತದೆ ಎಂದು ತಿಳಿಯಲು. ಇವರಿಗೆ ಬೇಕಾದ್ದು ಮಾಂಸ ಎಷ್ಟು ಎಳಸು ಎಂಬುದು. ಸುಳಿಯನ್ನು ಯಾರೂ ನೋಡಲಿಲ್ಲ. ಸ್ವಭಾವವನ್ನು ಮಾತ್ರ ನೋಡಿದರು. ಕಟಕಟೆಯ ಬಾಗಿಲು ತೆಗೆದೊಡನೆ ಹಾರಿ ಓಡಿದ ಒಂದೆರಡನ್ನು ಹಿಂದಿಟ್ಟರು. ಬೆದರುವ ದನ ಫೀಡ್‌ಲಾಟಿನಲ್ಲಿ ಮೈ ಹಿಡಿಯದು, ಬೆದರಿದ ಸ್ಥಿತಿಯಲ್ಲೇ ಕೊಯ್ದರೆ ಮಾಂಸ ಕಪ್ಪಾಗಿ ಬೆಲೆ ಬಿದ್ದುಹೋಗುತ್ತದೆ.

ತಂಡದಲ್ಲಿ ಹಿಣಿಲು, ಜೋಲುವ ಗಂಗೆದೊಗಲು ಇದ್ದವೂ ಇದ್ದವು. ಬ್ರಾಹ್ಮನ್ ರಕ್ತ. ಅಮೆರಿಕದಲ್ಲಿ ಗಿರ್, ಕಾಂಕ್ರೇಜ್, ಒಂಗೋಲ್, ನಮ್ಮ ಕೃಷ್ಣಾ ತೀರದ ತಳಿ ಇವೆಲ್ಲ ಬೆರೆತು ಹುಟ್ಟಿದ ಈ ತಳಿ 1933ರಲ್ಲಿ ಅಲ್ಲಿಂದ ಕ್ವೀನ್ಸ್‌ಲ್ಯಾಂಡಿಗೆ ಬಂತು. ರಕ್ತ ಹೀರುವ ಉಣ್ಣಿ, ಬಿಸಿಲು ಎರಡನ್ನೂ ತಡೆಯುತ್ತದೆ. ಆದರೆ ಮಾಂಸದ ದರ್ಜೆ ಕಟ್ಟುವವರು ಹಿಣಿಲಿನ ಎತ್ತರವನ್ನೂ ಅಳೆಯುತ್ತಾರೆ. ಎತ್ತರ ಹೆಚ್ಚಿದಷ್ಟೂ ಮಾಂಸ ಗಡಸು ಎಂಬುದು ಲೆಕ್ಕ. ಬಾಗಲಕೋಟೆ ಕಡೆ ಹಿಣಿಲಿಗೆ ಕುಂಕುಮ ಹಚ್ಚುವವರಿಗೆ ಇದನ್ನು ಹೇಗೆ ಹೇಳಲಿ!

ರೋಮಾ ಊರಿನ ಬೀದಿಗಳಲ್ಲಿ ಹೊಟ್ಟೆ ಉಬ್ಬಿದ ಬಾಟಲಿ ಮರಗಳು, ಮೊದಲ ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ನೆನಪಿಗೆ ನೆಟ್ಟವು. ದನದ ಕಳ್ಳನೊಬ್ಬನ ಕಥೆಯೂ ಈ ಊರಿಗಿದೆ. ಹ್ಯಾರಿ ರೆಡ್‌ಫರ್ಡ್ ಎಂಬಾತ 1870ರಲ್ಲಿ ಸುಮಾರು ಸಾವಿರ ದನ ಕದ್ದು, ಮರುಭೂಮಿಯಂಥ ನಾಡು ದಾಟಿಸಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಾರಿದ. ತಂಡದಲ್ಲಿದ್ದ ಒಂದು ಬಿಳಿ ಗೂಳಿಯಿಂದ ಸಿಕ್ಕಿಬಿದ್ದ. 1873ರಲ್ಲಿ ಇಲ್ಲಿ ವಿಚಾರಣೆ ನಡೆದಾಗ ಸಾಕ್ಷಿಗೆ ಆ ಗೂಳಿಯೇ ಬಂದಿದ್ದರೂ ಜ್ಯೂರಿಯವರು ಬಿಟ್ಟುಬಿಟ್ಟರು! ದನ ದಾಟಿಸಿದ ಸಾಹಸಕ್ಕೇ ಮರುಳಾಗಿದ್ದರೆಂದು ಕಾಣುತ್ತದೆ.

ಮಂಗಳವಾರ ಸಂತೆ. ಸಾಲುಸಾಲು ದೊಡ್ಡಿ, ಅವುಗಳ ಮೇಲೆ ನಡೆದಾಡುವ ಹಲಗೆದಾರಿ. ಹರಾಜುಗಾರ ಮೇಲೆ ನಡೆಯುತ್ತಾ ಉಸಿರು ಬಿಡದೆ ಕೂಗುತ್ತಾನೆ, ಟೋಪಿಯವರ ಗುಂಪು ಹಿಂದೆ ಸರಿಯುತ್ತದೆ. ಟವೆಲ್ಲಿನಡಿ ಬೆರಳು ಹಿಡಿಯುವ ಗುಟ್ಟಿನ ವ್ಯಾಪಾರ ಕಂಡ ಕಣ್ಣಿಗೆ ಇದು ಬಹಳ ಬಯಲು. ಬೆಲೆ ತಲೆಗಲ್ಲ, ಜೀವಂತ ತೂಕದ ಕಿಲೋಗೆ ಇಷ್ಟು ಸೆಂಟ್ ಎಂದು. ಟ್ರಕ್ಕಿನಲ್ಲಿ ಬರುವಾಗಲೇ ಸಗಣಿ, ಗಂಜಲವಾಗಿ ನೂರಕ್ಕೆ ಐದರಷ್ಟು ತೂಕ ಇಳಿಯುವುದು ಸಾಮಾನ್ಯ. ಹೊಲದ ತೂಕಕ್ಕೆ ಬೆಲೆ ಗುಣಿಸುವವನು ಮನೆಗೆ ಬಂದು ಬೇಸರಪಡುತ್ತಾನೆ. ನಾವು ಜೊತೆಗಿದ್ದ ರೈತರು ಗುಣಿಸಿರಲಿಲ್ಲ.

ಒಂದೇ ಬಣ್ಣ, ಒಂದೇ ತೂಕದ ಅವರ ದೊಡ್ಡಿ ಒಂದು ನಿಮಿಷದೊಳಗೆ ಹೋಯಿತು. ಪಕ್ಕದ ದೊಡ್ಡಿಯಲ್ಲಿ ಚಿಕ್ಕದು ದೊಡ್ಡದು ಬೆರೆಸಿ ನಿಲ್ಲಿಸಿದ್ದವರಿಗೆ ಅಷ್ಟು ಬೆಲೆ ಏಳಲಿಲ್ಲ. ಕೊಳ್ಳುವವರು ಕೊನೆಯ ಸಣಕಲನ್ನು ನೋಡಿಯೇ ಕೂಗುವುದು ಅಂದ ಅಳಿಯ.

ಮನೆಯಲ್ಲಿ ಉಳಿಸಿಕೊಂಡ 350 ಕಿಲೋದೊಳಗಿನವುಗಳಿಗೆ ಓಟ್ಸ್ ಬಿತ್ತಿದ್ದಾರೆ. ಚಳಿಗಾಲದಲ್ಲಿ ಅದನ್ನು ಮೇಯಿಸಿದರೆ ದಿನಕ್ಕೆ ಒಂದು ಕಿಲೋ ಏರುತ್ತವಂತೆ, ಮಳೆ ಒಂದಾದರೂ ಬಿದ್ದರೆ. ಬೀಳದಿದ್ದರೆ ಜುಲೈ ಕಾಯದೆ ಮುಂದಿನ ಸಂತೆಗೇ ಹೊಡೆಯುವುದೆಂದು ರೈತರು ಆಗಲೇ ಟ್ರಕ್ಕಿನವನಿಗೆ ಹೇಳಿಟ್ಟಿದ್ದರು.